ಮಧ್ಯಾಹ್ನದ ನಿದ್ದೆಯ ದಾಖಲೆ

ಲಗ್ಗೆರೆಯಲ್ಲಿ ನಾನು ಕೆಲಸಕ್ಕೆ ಸೇರಿದ ಶಿಶುಪಾಲನಾ ಕೇಂದ್ರ ಮೊದಲು ಯಾರದೋ ಬಾಡಿಗೆ ಮನೆಯಾಗಿತ್ತು. ಪಕ್ಕದ ಗೋಡೆಗೆ ಅಂಟಿಕೊಂಡೇ ತಗಡು ಒತ್ತುವ ಒಂದು ಸಣ್ಣ ವರ್ಕ್‌ಶಾಪ್. ಅಲ್ಲಿಯ ಪ್ರೆಸ್ಸು ಇಳಿದಾಗಲೆಲ್ಲ ನಮ್ಮ ನೆಲ ಮೆಲ್ಲಗೆ ಅದುರುತ್ತಿತ್ತು. ಮೊದಲ ದಿನ ನನಗೆ ತಲೆನೋವು ಬಂದುಬಿಟ್ಟಿತು. ಮಕ್ಕಳು ಮಾತ್ರ ಅದೇ ಸದ್ದಿಗೆ ನಿದ್ದೆ ಹೋಗುತ್ತಿದ್ದರು. ಅನ್ನ ಸಾರು ಉಂಡು ಚಾಪೆಯ ಮೇಲೆ ಸಾಲಾಗಿ ಮಲಗಿದರೆ ಸ್ವಲ್ಪ ಹೊತ್ತಿಗೆಲ್ಲ ಕೋಣೆಯ ತುಂಬ ಬರೀ ಉಸಿರು. ಕರೆಂಟು ಹೋಗಿ ಪ್ರೆಸ್ಸು ನಿಂತರೆ ಒಬ್ಬೊಬ್ಬರಾಗಿ ಕಣ್ಣು ಬಿಡುತ್ತಿದ್ದರು. ಸದ್ದಿಗೆ ಮಲಗಿ ಮೌನಕ್ಕೆ ಏಳುವ ಮಕ್ಕಳನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅದಕ್ಕೂ ಮುಂಚೆ ನಾನಿದ್ದದ್ದು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ. ನನ್ನ ಹುದ್ದೆಯ ಹೆಸರು ಉದ್ದವಾಗಿತ್ತು, ಕೆಲಸದ ಅರ್ಥ ಇಷ್ಟೇ: ಕಂಪನಿಯ ಮಾಹಿತಿಯಲ್ಲಿ ಯಾವುದನ್ನು ಇಡಬೇಕು, ಯಾರು ನೋಡಬಹುದು, ಎಷ್ಟು ಕಾಲ ಇಟ್ಟು ಯಾವಾಗ ಅಳಿಸಬೇಕು ಎಂದು ನಿಯಮ ಮಾಡುವುದು, ಆ ನಿಯಮ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವುದು. ದಾವಣಗೆರೆಯಿಂದ ಅಮ್ಮ ಫೋನ್ ಮಾಡಿದಾಗ, "ನೀನು ಅಲ್ಲಿ ಏನ್ ಮಾಡ್ತಿ ಅಂತ ಯಾರಾದ್ರೂ ಕೇಳಿದ್ರೆ ಏನ್ ಹೇಳ್ಲಿ?" ಎನ್ನುತ್ತಿದ್ದಳು. "ಕಾಗದ ಜೋಡಿಸ್ತಾಳೆ ಅನ್ನು" ಎಂದು ಹೇಳಿಕೊಟ್ಟಿದ್ದೆ. ನಮ್ಮ ಅಪಾರ್ಟ್‌ಮೆಂಟ್ ಇದ್ದದ್ದು ತುಮಕೂರು ರಸ್ತೆಯ ಕಡೆ. ಊರಿನ ಈ ತುದಿಯಿಂದ ಆ ತುದಿಗೆ ಆಫೀಸಿನ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ದಿನದ ಒಳ್ಳೆಯ ಭಾಗವೆಲ್ಲ ಕಿಟಕಿಗೆ ತಲೆ ಆನಿಸಿಯೇ ಕಳೆಯುತ್ತಿತ್ತು. ಅರೆನಿದ್ದೆಯಲ್ಲಿ ಫ್ಲೈಓವರಿನ ದೀಪಗಳು ಒಂದರ ಹಿಂದೊಂದು ಕಣ್ಣ ರೆಪ್ಪೆಯ ಮೇಲೆ ಹಾದುಹೋಗುತ್ತಿದ್ದದ್ದು ಈಗಲೂ ನೆನಪಿದೆ. ಒಂದು ದಿನ ಎಚ್ಚರವಾದಾಗ ಬಸ್ಸು ಮನೆಗೆ ಹೋಗುತ್ತಿದೆಯೋ ಆಫೀಸಿಗೆ ಹೋಗುತ್ತಿದೆಯೋ ಎಂಬುದೇ ತಿಳಿಯಲಿಲ್ಲ. ಆಮೇಲೆ ಹೆಚ್ಚು ದಿನ ಅಲ್ಲಿ ಉಳಿಯಲಿಲ್ಲ.

ಪೀಣ್ಯದ ಸುತ್ತ ಕಾರ್ಖಾನೆಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಒಂದು ಟ್ರಸ್ಟಿಗೆ ಮಾಹಿತಿ ಜೋಡಿಸಿಕೊಡುವವರು ಬೇಕಾಗಿದ್ದರು. ಅದರ ಕಾರ್ಯದರ್ಶಿ ಬ್ಯಾಂಕಿನಿಂದ ನಿವೃತ್ತರಾದವರು, ನಿಧಾನದ ಮನುಷ್ಯ. ನನ್ನ ಅನುಭವ ಕೇಳಿ, "ನಮ್ಮದು ಸಣ್ಣ ಜಾಗ ಮೇಡಂ, ನಿಮಗೆ ಬೋರಾಗತ್ತೆ. ಆದ್ರೆ ದುಡ್ಡು ಕೊಡೋ ಕಂಪನಿಯವರು ಎಲ್ಲಾ ಸಿಸ್ಟಮ್ಯಾಟಿಕ್ ಆಗಿ ಕೇಳ್ತಿದಾರೆ" ಎಂದರು. ಮನೆಯಿಂದ ಆಟೋದಲ್ಲಿ ಹೋಗಿ ಬರಬಹುದಾದ ಕೆಲಸ ಎಂಬುದೇ ನನಗೆ ಸಾಕಾಗಿತ್ತು.

ನಾನು ಮಾಡಿದ ಮೊದಲ ಕೆಲಸವೆಂದರೆ ಹಳೆಯ ಕಂಪನಿಯ ಅಚ್ಚನ್ನೇ ಇಲ್ಲಿಗೆ ತಂದದ್ದು. ಒಂದು ಟ್ಯಾಬ್ ತರಿಸಿದೆವು. ಪ್ರತಿ ಮಗುವಿಗೂ ಪುಟಗಟ್ಟಲೆ ಪ್ರಶ್ನೆ: ಬಂದ ವೇಳೆ, ತೂಕ, ಊಟ, ಚುಚ್ಚುಮದ್ದು, ತಂದೆಯ ಹೆಸರು, ತಂದೆಯ ಕೆಲಸ. ಯಾವುದನ್ನು ಬಿಟ್ಟರೂ ಮುಂದಿನ ಪುಟ ತೆರೆಯುತ್ತಿರಲಿಲ್ಲ. ತುಂಬಿದರೆ ಹಸಿರು, ಬಿಟ್ಟರೆ ಕೆಂಪು.

ಟ್ಯಾಬನ್ನು ತುಂಬಬೇಕಾದವರು ಕೇಂದ್ರದ ಹಿರಿಯ ಆಯಾ. ಅವರನ್ನು ಮಕ್ಕಳು ಅಜ್ಜಿ ಎನ್ನುತ್ತಿದ್ದರು, ನಾವೆಲ್ಲ ಆಯಾ ಅಮ್ಮ ಎನ್ನುತ್ತಿದ್ದೆವು. ಅವರು ಇಲ್ಲೇ ಹುಟ್ಟಿದವರು. ಈಗ ಶೆಡ್ಡುಗಳಿರುವ ಕಡೆ ಅವರ ಮನೆಯವರು ರಾಗಿ ಹಾಕುತ್ತಿದ್ದರಂತೆ. ಮಗ ಬಾಡಿಗೆ ಮನೆಗಳನ್ನು ಕಟ್ಟಿಸಿ ಚೆನ್ನಾಗಿಯೇ ಇದ್ದ. ಸುಮ್ಮನೆ ಕೂರಲಾರದೆ ಇವರು ಇಲ್ಲಿಗೆ ಬರುತ್ತಿದ್ದರು. ಒಂದು ಕೈಯಲ್ಲಿ ಅಳುವ ಮಗು, ಇನ್ನೊಂದು ಕೈಯಲ್ಲಿ ಟ್ಯಾಬ್. "ಇದು ಮುಂದುಕ್ಕೇ ಓಗಲ್ಲ ಅಂತದೆ ಮೇಡಂ. ಅಪ್ಪನ ಎಸ್ರು ಬೇಕಂತೆ. ಈ ಮಗೀಗೆ ಅಪ್ಪ ಇಲ್ಲ, ಏನಂತ ಆಕ್ಲಿ?" ಎಂದು ಕೇಳಿದರು. ಆ ಪ್ರಶ್ನೆಯನ್ನು ತೆಗೆದುಹಾಕಿದೆ. ಉಳಿದವು ಹಾಗೆಯೇ ನಡೆದವು. ತಿಂಗಳ ಕೊನೆಗೆ ಪರದೆಯ ತುಂಬ ಹಸಿರು. ಕಾರ್ಯದರ್ಶಿಗಳಿಗೆ ಸಂತೋಷ, ದುಡ್ಡು ಕೊಡುವವರಿಗೂ ಸಂತೋಷ.

ಹೀಗಿರುವಾಗ ಒಂದು ಸಂಜೆ, ಗಾರ್ಮೆಂಟ್ಸ್ ಬಿಟ್ಟು ಮಕ್ಕಳನ್ನು ಕರೆದೊಯ್ಯಲು ತಾಯಂದಿರು ಬಂದ ಹೊತ್ತಿನಲ್ಲಿ, ಒಬ್ಬಾಕೆ ನನ್ನ ಮೇಜಿನ ಹತ್ತಿರ ನಿಂತಳು. ಯಾದಗಿರಿ ಕಡೆಯವಳು, ಫ್ಯಾಕ್ಟರಿಯಲ್ಲಿ ಅಂಗಿಗಳಿಗೆ ಇಸ್ತ್ರಿ ಹಾಕುವ ಕೆಲಸ. ಇಡೀ ದಿನ ಹಬೆಯ ಮುಂದೆ ನಿಂತು ಮುಖ ಕೆಂಪಗಾಗಿರುತ್ತಿತ್ತು. ಮೂರು ವರ್ಷದ ಮಗಳು ಆಗಲೇ ಅವಳ ಸೊಂಟ ಏರಿದ್ದಳು.

"ಮೇಡಂ, ಅದ್ರಾಗ ಎಲ್ಲಾ ಬರದಿರತೈತಿ ಅಂತಾರಲ್ರಿ. ನನ್ನ ಮಗಳು ಮಧ್ಯಾಹ್ನ ಹೆಂಗ ಮಕ್ಕೋತಾಳ ಅಂತ ಐತೇನ್ರಿ?"

ಎಷ್ಟು ಹೊತ್ತು ಮಲಗಿದಳು ಎಂಬುದಿತ್ತು. ಹೇಳಿದೆ.

"ಹೊತ್ತಲ್ರಿ. ಹೆಂಗ ಅಂತ. ಹಗಲಿನ್ಯಾಗ ಅಕಿ ಮಲಗಿದ್ದು ನಾ ನೋಡೇ ಇಲ್ಲ. ಆಯ್ತವಾರ ಮನ್ಯಾಗಿದ್ರೂ ಅಕಿ ಮಕ್ಕೊಳ್ಳಂಗಿಲ್ಲ, ನನ್ನ ಹಿಂದಿಂದನ ಅಡ್ಡಾಡ್ತಾಳ."

ಅಷ್ಟು ಪ್ರಶ್ನೆಗಳಲ್ಲಿ ಅವಳು ಕೇಳಿದ್ದು ಒಂದೂ ಇರಲಿಲ್ಲ. ನಾಳೆ ನೋಡಿ ಹೇಳುತ್ತೇನೆ ಎಂದೆ.

ಮರುದಿನ ಊಟದ ನಂತರ ನಾನು ಮೇಜು ಬಿಟ್ಟು ಕೋಣೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತೆ. ಕಿಟಕಿಗೆ ಹಳೆಯ ಸೀರೆಯೊಂದನ್ನು ಪರದೆಯಂತೆ ಕಟ್ಟಿದ್ದರು. ಬಿಸಿಲು ಅದರ ಮೂಲಕ ನಸುಗೆಂಪಾಗಿ ಇಳಿದು ಮಕ್ಕಳ ಮೇಲೆ ಹರಡಿತ್ತು. ನೆಲದ ಅದುರಾಟ ನನ್ನ ಬೆನ್ನಿಗೂ ಬರುತ್ತಿತ್ತು. ಆ ಹುಡುಗಿ ಎರಡೂ ಕೈಯನ್ನು ತಲೆಯ ಮೇಲೆ ಚಾಚಿ ಅಂಗಾತ ಮಲಗಿದ್ದಳು. ಸ್ವಲ್ಪ ಹೊತ್ತಿಗೆ ಪಕ್ಕದ ಹುಡುಗನ ಅಂಗಿಯ ತುದಿ ಹಿಡಿದುಕೊಂಡಳು. ಬಾಯಿ ಏನನ್ನೋ ಮೆಲ್ಲುತ್ತಿತ್ತು. ಒಮ್ಮೆ ನಕ್ಕಳು, ಏನನ್ನು ಕಂಡಳೋ. ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ, ನನಗೂ ಜೊಂಪು ಹತ್ತಿತು. ಆಯಾ ಅಮ್ಮ ಬಂದು ಭುಜ ಮುಟ್ಟಿ, "ಮೇಡಂ, ಚಾ ಆರೋಯ್ತದೆ" ಎಂದರು.

ಸಂಜೆ ಆ ತಾಯಿಗೆ ಎಲ್ಲ ಹೇಳಿದೆ. ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ನಿಂತುಕೊಂಡೇ ಕೇಳಿದಳು. ಮುಗಿದ ಮೇಲೆ, "ಅಂಗಿ ಹಿಡ್ಕೊತಾಳೇನ್ರಿ?" ಎಂದು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡಳು. ಅವಳ ಹಿಂದೆ ನಿಂತಿದ್ದ ಇಬ್ಬರು ಹೋಗಲಿಲ್ಲ. "ನಮ್ಮವನು ಹೆಂಗೆ ಮೇಡಂ?" ಎಂದರು.

ಅಲ್ಲಿಂದ ಕೆಲಸ ಬೇರೆ ದಾರಿ ಹಿಡಿಯಿತು. ನಾನು ಮತ್ತು ಆಯಾ ಅಮ್ಮ ಕೂತು ಟ್ಯಾಬಿನಲ್ಲಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ನೋಡಿದೆವು. ಇದು ಯಾರಿಗೆ ಬೇಕು, ಬೇಕಾದದ್ದು ಯಾಕೆ? ಉತ್ತರ ಸಿಗದ ಪ್ರಶ್ನೆಗಳನ್ನು ತೆಗೆದೆವು. ಹಾಜರಿ, ತೂಕ, ಆರೋಗ್ಯ ಉಳಿದವು. ಜೊತೆಗೆ ಪ್ರತಿ ಮಗುವಿಗೂ ದಿನಕ್ಕೊಂದು ಮಾತು ಸೇರಿತು. ಆಯಾ ಅಮ್ಮನಿಗೆ ಟೈಪ್ ಮಾಡುವುದು ಕಷ್ಟ, ಮಾತು ಸುಲಭ. ಮಕ್ಕಳು ಮಲಗಿದ ಮೇಲೆ ಅವರು ಚಾಪೆಗಳ ನಡುವೆ ಓಡಾಡುತ್ತ ಟ್ಯಾಬನ್ನು ಬಾಯಿಯ ಹತ್ತಿರ ಹಿಡಿದು ಪಿಸುಗುಟ್ಟುತ್ತಿದ್ದರು: "ಇವತ್ತು ನಿಮ್ಮೋನು ಚಾಪೆ ಬುಟ್ಟು ಬಾಗ್ಲುತಾವ ಉಳ್ಳೋಗವ್ನೆ. ಕಾಲ್ಮೇಲೆ ಕಾಲಾಕ್ಕಂಡವ್ನೆ, ಗೌಡ ಮಲ್ಗಿದಂಗೆ." ಆ ಮಾತು ಮಗುವನ್ನು ಸೇರಿಸುವಾಗ ಕೊಟ್ಟಿದ್ದ ಫೋನ್ ನಂಬರಿಗೆ ಹೋಗುತ್ತಿತ್ತು. ಫ್ಯಾಕ್ಟರಿಯ ಒಳಗೆ ಫೋನ್ ಬಿಡುವುದಿಲ್ಲವಾದ್ದರಿಂದ ತಾಯಂದಿರು ಸಂಜೆ ಗೇಟಿನ ಹೊರಗೆ ಬಂದ ಮೇಲೆ ಕೇಳಿಸಿಕೊಳ್ಳುತ್ತಿದ್ದರು. ಕೆಲವರು ನಡೆಯುತ್ತಲೇ ಫೋನನ್ನು ಕಿವಿಗಿಟ್ಟುಕೊಂಡು, ಎದುರಿನ ಗಾಡಿಯನ್ನೂ ನೋಡದೆ, ಸಣ್ಣಗೆ ನಗುತ್ತ ಬರುವುದನ್ನು ನಾನು ನಮ್ಮ ಬಾಗಿಲಿನಿಂದ ಕಾಣುತ್ತಿದ್ದೆ.

ಕಾರ್ಯದರ್ಶಿಗಳಿಗೆ ಇದು ಹಿಡಿಸಲಿಲ್ಲ. "ಡೋನರ್ಸ್ ಕೇಳಿದ್ದು ಅಂಕಿ ಅಂಶ ಮೇಡಂ. ನೀವು ಕನಸು ಬರೀತಾ ಇದೀರಿ" ಎಂದರು.

"ಅಂಕಿ ಅಂಶ ಕೊಡ್ತೀನಿ ಸಾರ್. ಎಷ್ಟು ಮಕ್ಕಳು, ಎಷ್ಟು ತೂಕ, ಎಲ್ಲಾ ಕೊಡ್ತೀನಿ, ಹೆಸರಿಲ್ದೆ. ಹೆಸರು ಅವರಿಗೆ ಯಾಕೆ?"

"ಹೆಸರು ಅವರೇನೂ ಕೇಳಿಲ್ಲ. ನೀವೇ ಕಳಿಸ್ತಿದ್ರಿ."

ಅದು ನಿಜವಾಗಿತ್ತು. ಆಮೇಲೆ ಅವರೇ, "ನಮ್ಮ ಮನೆಯಲ್ಲೂ ಮೊಮ್ಮಗ ಮಲಗಿದ್ರೆ ನಾನು ಹೋಗಿ ನೋಡ್ತೀನಿ. ಸುಮ್ನೆ" ಎಂದರು. ಅಲ್ಲಿಗೆ ಒಪ್ಪಿಗೆ ಸಿಕ್ಕಂತಾಯಿತು.

ಮುಂದಿನದು ನಾವು ಯಾರೂ ಯೋಚಿಸದೆ ಇದ್ದದ್ದು.

ಇಸ್ತ್ರಿ ಹಾಕುವ ತಾಯಿಯ ಮಗಳು ಒಂದು ಮಧ್ಯಾಹ್ನ ನಿದ್ದೆಯಲ್ಲಿ ಸ್ಪಷ್ಟವಾಗಿ ಮಾತಾಡಿದಳಂತೆ. ಆಯಾ ಅಮ್ಮನಿಗೆ ಅದು ಬಹಳ ಮುದ್ದೆನಿಸಿ ಹಾಗೆಯೇ ಹೇಳಿ ಕಳಿಸಿದರು: "ಇವತ್ತು ನಿಮ್ಮ ಮಗ್ಳು ನಿದ್ದೆಗಣ್ಣಲ್ಲಿ, ಚಂದಾಪುರಕ್ಕೆ ಓಗೋಣ, ದೊಡ್ಡವ್ವನ ಮನೇಲೇ ಇರಾಣ ಅಂದ್ಲು ಕಣವ್ವ." ಮಗುವನ್ನು ಸೇರಿಸಿದಾಗ ಆ ತಾಯಿಯ ಬಳಿ ಫೋನ್ ಇರಲಿಲ್ಲ. ನಮ್ಮ ದಾಖಲೆಯಲ್ಲಿದ್ದದ್ದು ಹಗಲು ಮನೆಗೆಲಸಕ್ಕೆ ಹೋಗುತ್ತಿದ್ದ ಅತ್ತೆಯ ನಂಬರು. ಅದನ್ನು ಬದಲಿಸಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ, ಅವಳೂ ಕೇಳಿರಲಿಲ್ಲ. ದಿನವೂ ಆ ಮಾತನ್ನು ಮೊದಲು ಅತ್ತೆ ಕೇಳಿ, ಸಂಜೆ ಸೊಸೆಗೆ ಕೇಳಿಸುವುದು ಆ ಮನೆಯ ರೂಢಿಯಾಗಿತ್ತು.

ಮರುದಿನ ಮಧ್ಯಾಹ್ನ ಅತ್ತೆ ಕೇಂದ್ರಕ್ಕೆ ಬಂದರು. ಸಣ್ಣ ಮೈಕಟ್ಟಿನ ಹೆಂಗಸು. ಹಣೆಗೆ ವಿಭೂತಿ, ತಲೆಯ ಮೇಲೆ ಸೆರಗು. ಕೈಯಲ್ಲಿ ಫೋನ್ ಹಿಡಿದಿದ್ದರು. ಜಗಳಕ್ಕೆ ಬಂದವರಂತೆ ಕಾಣಲಿಲ್ಲ. ಒಳಗೆ ಮಕ್ಕಳು ಮಲಗಿದ್ದನ್ನು ನೋಡಿ ದನಿ ತಗ್ಗಿಸಿದರು.

"ಇದರಾಗ ಮಾತಾಡಿದಾಕಿ ಯಾರ್ರಿ?"

"ನಾನೇ ಕಣಮ್ಮ" ಎಂದರು ಆಯಾ ಅಮ್ಮ.

"ಇದು ಖರೇ ಏನ್ರಿ, ಕನಸ ಏನ್ರಿ?"

ಆಯಾ ಅಮ್ಮ ನನ್ನ ಮುಖ ನೋಡಿದರು. "ಮಗಾ ಅಂದಿದ್ದು ನಿಜ. ಅದು ಅಂದಿದ್ದು ನಿಜವೋ ಅಲ್ವೋ ನಂಗೆಂಗೆ ಗೊತ್ತಾಯ್ತದೆ ಯೋಳಿ" ಎಂದರು.

"ನನಗ ಹೇಳದ ಹೊಂಟಾರೇನೋ ಅನಿಸ್ತು" ಎಂದು ಅತ್ತೆ ಮೊಮ್ಮಗಳ ಚಾಪೆಯ ಪಕ್ಕ ಕೂತರು. ಮಗುವನ್ನು ಎಬ್ಬಿಸಲಿಲ್ಲ, ಮುಟ್ಟಲೂ ಇಲ್ಲ. ಪ್ರೆಸ್ಸು ಬೀಳುತ್ತಿತ್ತು. ಸೀರೆಯ ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು, ಅದರ ಜೊತೆಗೆ ಬೆಳಕೂ ಅವರ ಮುಖದ ಮೇಲೆ ಬಂದು ಹೋಗುತ್ತಿತ್ತು. ನಾನು ಚಹಾ ತಂದು ಪಕ್ಕದಲ್ಲಿಟ್ಟೆ. ಅದು ಅಲ್ಲಿಯೇ ಇತ್ತು. ಬಹಳ ಹೊತ್ತಿನ ಮೇಲೆ ಮಗು ಕಣ್ಣು ಬಿಟ್ಟು, ಆ ಹೊತ್ತಿನಲ್ಲಿ ಅಜ್ಜಿ ಅಲ್ಲಿರುವುದು ಆಶ್ಚರ್ಯವೇ ಅಲ್ಲವೆಂಬಂತೆ ಅವರ ತೊಡೆಯ ಮೇಲೆ ತಲೆಯಿಟ್ಟು ಮತ್ತೆ ಮಲಗಿತು. ಸಂಜೆ ಸೊಸೆ ಬರುವವರೆಗೂ ಅವರು ಕಾಲು ಕದಲಿಸಲಿಲ್ಲ. ಮೂವರೂ ಒಟ್ಟಿಗೆ ಹೋದರು. ದಾರಿಯಲ್ಲಿ ಏನು ಮಾತಾಡಿದರೋ ನಾನು ಕೇಳಲಿಲ್ಲ.

ಎರಡು ದಿನ ಕಳೆದು ಆ ತಾಯಿ ಬೆಳಿಗ್ಗೆ ಬೇಗ ಬಂದಳು. ಊರಿನ ಆ ತುದಿಯ ಚಂದಾಪುರದಲ್ಲಿ ಅವಳ ಅಕ್ಕನಿಗೆ ಕೆಲಸ ಕೊಟ್ಟ ಫ್ಯಾಕ್ಟರಿಯಲ್ಲೇ ಇವಳಿಗೂ ಗಂಡನಿಗೂ ಕೆಲಸವಿತ್ತು, ಬಾಡಿಗೆಯೂ ಕಡಿಮೆ. ಮನೆಯಲ್ಲಿ ಹೇಳಲು ಒಳ್ಳೆಯ ಹೊತ್ತು ಕಾಯುತ್ತಿದ್ದರಂತೆ. ಎಲ್ಲ ಹೇಳಿ ಮುಗಿಸಿ, "ಅವರು ಬೈಯಲಿಲ್ರಿ. ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ ಅಷ್ಟ" ಎಂದಳು. ಮಗಳನ್ನು ಸೊಂಟದಿಂದ ಇಳಿಸುತ್ತ, "ಆ ಮಾತು ನನ್ನ ಬಾಯಿಂದ ಬರಬೇಕಿತ್ರಿ" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಆ ದಿನವಿಡೀ ನಾನು ಟ್ಯಾಬನ್ನು ತೆರೆಯಲಿಲ್ಲ. ಹಳೆಯ ಕಂಪನಿಯಲ್ಲಿ ಮಾಹಿತಿ ಸೋರಿತು ಎಂದರೆ ಯಾರೋ ಹೊರಗಿನವರು ಒಳನುಗ್ಗಿದರು ಎಂದು ಅರ್ಥ. ಇಲ್ಲಿ ಯಾರೂ ನುಗ್ಗಿರಲಿಲ್ಲ. ಮಗು ಕನಸು ಕಂಡಿತ್ತು, ಒಬ್ಬರು ಪ್ರೀತಿಯಿಂದ ಹೇಳಿದ್ದರು, ಇನ್ನೊಬ್ಬರು ಪ್ರೀತಿಯಿಂದ ಕೇಳಿದ್ದರು.

ನಿಯಮವನ್ನು ನಾನೊಬ್ಬಳೇ ಕೂತು ಬರೆಯಬಾರದು ಎನಿಸಿತು. ಒಂದು ಭಾನುವಾರ ತಾಯಂದಿರನ್ನೆಲ್ಲ ಕರೆದೆವು. ಮಕ್ಕಳೂ ಬಂದಿದ್ದರಿಂದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಕ್ಕದ ವರ್ಕ್‌ಶಾಪಿಗೆ ರಜೆ. ಪ್ರೆಸ್ಸಿನ ಸದ್ದಿಲ್ಲದೆ ಮಾತೆಲ್ಲ ದೊಡ್ಡದಾಗಿ ಕೇಳುತ್ತಿತ್ತು. ನಡೆದದ್ದನ್ನು ಹೇಳಲು ಇಸ್ತ್ರಿಯ ತಾಯಿಯೇ ಒಪ್ಪಿದ್ದಳು. ಯಾರ ಫೋನಿಗೆ ಹೋಗಬೇಕು ಎಂಬುದು ಬೇಗ ತೀರ್ಮಾನವಾಯಿತು. ಅದನ್ನು ತಾಯಿ ಹೇಳಬೇಕು, ಯಾವಾಗ ಬೇಕಾದರೂ ಬದಲಿಸಬಹುದು. ನಿದ್ದೆಯ ಮಾತಿನ ಬಗ್ಗೆ ಮಾತ್ರ ಒಮ್ಮತ ಬರಲಿಲ್ಲ.

"ನನ್ ಮಗ ಏನಂದ್ರೂ ನಂಗೆ ಗೊತ್ತಾಗ್ಬೇಕು. ನಾನ್ ಹೆತ್ತಿರೋದು" ಎಂದಳು ಹೊಲಿಗೆ ಮೆಷೀನಿನ ಕೆಲಸದ ಒಬ್ಬ ತಾಯಿ.

"ನಿದ್ದೇಲಿ ಅಂದಿದ್ದು ಅವನ್ದು ಕಣೆ. ನೀನು ನಿದ್ದೇಲಿ ಅಂದಿದ್ದನ್ನ ನಿನ್ ಗಂಡ ಬರ್ದಿಟ್ರೆ ಸುಮ್ನಿರ್ತೀಯಾ?" ಎಂದಳು ಅವಳ ಪಕ್ಕದವಳು. ಎಲ್ಲರೂ ನಕ್ಕರು. ಹೊಲಿಗೆಯ ತಾಯಿ ನಗಲಿಲ್ಲ, ತನ್ನ ಮಾತನ್ನು ಬಿಟ್ಟುಕೊಡಲೂ ಇಲ್ಲ. ಕೊನೆಗೆ ಒಂದು ದಾರಿ ಸಿಕ್ಕಿತು: ನಿದ್ದೆಯಲ್ಲಿ ಮಗು ಆಡಿದ ಮಾತನ್ನು ತಾಯಿ ಬಂದಾಗ ಬಾಯಲ್ಲಿ ಹೇಳಬಹುದು, ಆದರೆ ಎಲ್ಲೂ ಇಡಬಾರದು, ಕಳಿಸಬಾರದು. ಮಗು ಕೇಂದ್ರ ಬಿಟ್ಟಾಗ ಅದರ ದಿನದ ಮಾತುಗಳನ್ನೆಲ್ಲ ತಾಯಿಗೆ ಕೊಟ್ಟು ನಮ್ಮಲ್ಲಿ ಅಳಿಸಬೇಕು. ಇದಕ್ಕೆ ಮಾತ್ರ ಎಲ್ಲರೂ ಕೈ ಎತ್ತಿದರು. ಕೆಲವು ಮಕ್ಕಳೂ ಎತ್ತಿದವು.

ಅದನ್ನೆಲ್ಲ ಒಂದೇ ಪುಟದಲ್ಲಿ, ಓದಿ ಹೇಳಿದರೆ ತಿಳಿಯುವಂತೆ ಕನ್ನಡದಲ್ಲಿ ಬರೆದೆ. ಕಾರ್ಯದರ್ಶಿಗಳು ಕನ್ನಡಕ ಏರಿಸಿ ಓದಿದರು. "ಪಾಲಿಸಿ ಅಂದ್ರೆ ಹೀಗಿರಲ್ಲ ಮೇಡಂ. ಆಡಿಟರ್ ನಗ್ತಾರೆ."

"ನಗ್ಲಿ ಸಾರ್. ಕೊನೆವರೆಗೂ ಓದಿದ್ರಲ್ಲ ನೀವು."

ಅವರು ಕೆಳಗೆ ಸಹಿ ಹಾಕಿದರು.

ಆ ಸಂಸಾರ ಚಂದಾಪುರಕ್ಕೆ ಹೊರಟದ್ದು ಬಿಸಿಲು ಏರುತ್ತಿದ್ದ ಕಾಲದಲ್ಲಿ. ಅತ್ತೆ ಕಿರಿಯ ಮಗನೊಂದಿಗೆ ಲಗ್ಗೆರೆಯಲ್ಲೇ ಉಳಿದರು. ಕೊನೆಯ ಮಧ್ಯಾಹ್ನ ತಾಯಿ ಅರ್ಧ ದಿನ ರಜೆ ಹಾಕಿ ಬಂದಳು. ಹೇಳಿ ಬಂದದ್ದಲ್ಲ. ಮಕ್ಕಳು ಮಲಗಿದ್ದರು. ಬಾಗಿಲಲ್ಲಿ ನಿಂತವಳು ಒಳಗೆ ಬರಲೋ ಬೇಡವೋ ಎಂಬಂತೆ ನೋಡಿದಳು. ಆಯಾ ಅಮ್ಮ ಕೈಸನ್ನೆ ಮಾಡಿ ಮಗಳ ಪಕ್ಕ ಕೂರಿಸಿದರು. ಹುಡುಗಿ ಅಂದೂ ಪಕ್ಕದವನ ಅಂಗಿ ಹಿಡಿದಿದ್ದಳು. ತಾಯಿ ಕೂತಲ್ಲೇ ಮೆಲ್ಲಗೆ ಬಾಗಿ, ಚಾಪೆಯ ಅಂಚಿನಲ್ಲಿ ಮೈ ಚೆಲ್ಲಿ, ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಇಸ್ತ್ರಿಯ ಹಬೆಯಲ್ಲಿ ವರ್ಷಗಟ್ಟಲೆ ನಿಂತ ದೇಹ ನಿಮಿಷದಲ್ಲಿ ನಿದ್ದೆ ಹೋಯಿತು. ಅವಳು ಹೇಗೆ ಮಲಗಿದಳು ಎಂದು ನಾವು ಯಾರಿಗೂ ಹೇಳಿ ಕಳಿಸಲಿಲ್ಲ.

ಎದ್ದ ಮೇಲೆ ಅವಳು ಹೊಸದಾಗಿ ಕೊಂಡಿದ್ದ ಫೋನಿಗೆ ಮಗಳ ದಿನದ ಮಾತುಗಳನ್ನೆಲ್ಲ ಹಾಕಿಕೊಟ್ಟೆ. ನಿಯಮಕ್ಕೂ ಮುಂಚಿನ ಆ ನಿದ್ದೆಯ ಮಾತೂ ಅದರಲ್ಲಿತ್ತು. "ಚಂದಾಪುರದ ಮಾತು ಬೇಕಾ, ತೆಗೆದುಬಿಡಲಾ?" ಎಂದು ಕೇಳಿದೆ.

"ಇರಲಿ ಬಿಡ್ರಿ. ಈಗ ಖರೇ ಆತಲ್ಲ" ಎಂದು ನಕ್ಕಳು. ಆಮೇಲೆ, "ಅತ್ತಿಗೂ ಒಂದು ಸಲ ಎಲ್ಲಾ ಕಳಿಸ್ರಿ. ಅವರಿಗೆ ಮನಿ ಖಾಲಿ ಅನ್ನಿಸ್ತದ" ಎಂದಳು.

ಕಳಿಸಿದೆ. ನಂತರ ಅವಳ ಎದುರಿಗೇ ನಮ್ಮಲ್ಲಿದ್ದದ್ದನ್ನು ಅಳಿಸಿದೆ. ನಿಜವಾಗಿಯೂ ಅಳಿಸಲೇ ಎಂದು ಯಂತ್ರ ಕೇಳಿತು. ಹೌದು ಎಂದೆ. ಆ ಹೆಸರಿದ್ದ ಜಾಗ ಒಂದು ಕ್ಷಣ ಬಿಳಿಯಾಗಿ, ಕೆಳಗಿನ ಹೆಸರುಗಳು ಮೇಲೆ ಸರಿದು ಮುಚ್ಚಿಕೊಂಡವು. ಹಳೆಯ ಕೆಲಸದಲ್ಲಿ ಅದೆಷ್ಟೋ ಸಾವಿರ ಕಡತಗಳನ್ನು ಹೀಗೆ ಅಳಿಸಿದ್ದೆ, ಪರದೆಯನ್ನು ನೋಡಿಯೂ ಇರಲಿಲ್ಲ. ಈಗ ಎದೆಯಲ್ಲಿ ಏನೋ ಹಗುರಾದಂತೆ, ಅದರ ಜೊತೆಗೇ ಏನನ್ನೋ ಕಳೆದುಕೊಂಡಂತೆ ಆಯಿತು. ಆ ಹುಡುಗಿ ಅಮ್ಮನ ಕೈ ಜಗ್ಗುತ್ತ, "ನಡಿ ಯವ್ವಾ" ಎಂದು ಎಳೆದುಕೊಂಡು ಹೋದಳು.

ಮುಂದಿನ ವರ್ಷ ಟ್ರಸ್ಟು ಬಾಗಲಗುಂಟೆಯಲ್ಲಿ ಇನ್ನೊಂದು ಕೇಂದ್ರ ತೆರೆಯಿತು. ಲಗ್ಗೆರೆಯ ಪುಟವನ್ನೇ ಅಲ್ಲೂ ಹಚ್ಚಿಬಿಡಿ ಎಂದರು ಕಾರ್ಯದರ್ಶಿಗಳು. ನಾನು ಅದನ್ನು ಚೀಲದಲ್ಲಿ ಮಡಚಿಟ್ಟುಕೊಂಡು ಹೋದೆ. ಅಲ್ಲಿಯ ತಾಯಂದಿರಲ್ಲಿ ಹೆಚ್ಚಿನವರು ಶಿಫ್ಟಿನವರು. ಹಗಲು ತಾವೇ ಮನೆಯಲ್ಲಿರುವ ವಾರಗಳಲ್ಲಿ ಮಕ್ಕಳ ಪಕ್ಕದಲ್ಲೇ ಮಲಗುವವರು. ಮಗು ಹೇಗೆ ಮಲಗುತ್ತದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಹಾಗಾದ್ರೆ ನಿಮಗೇನು ಗೊತ್ತಾಗ್ಬೇಕು?" ಎಂದು ಕೇಳಿದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥದ್ದನ್ನು ಅವರನ್ನು ಯಾರೂ ಕೇಳಿದಂತಿರಲಿಲ್ಲ. ಹೊರಗೆ ಮಾವಿನ ಮರದ ಕೆಳಗೆ ಯಾರದೋ ಗಾಡಿ ಸ್ಟಾರ್ಟಾಗದೆ ಗೊರಗೊರ ಎನ್ನುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬಾಕೆ ಮಡಿಲ ಮಗುವಿನ ಸಣ್ಣ ಕಾಲ್ಬೆರಳುಗಳನ್ನು ಎಣಿಸುವಂತೆ ಸವರುತ್ತ, "ಆಡ್ಕೊಳ್ಳೋವಾಗ ಯಾರ್ ಜೊತೆ ಸೇರ್ತಾನೆ ಅಂತ ಗೊತ್ತಾದ್ರೆ ಸಾಕು ಅಕ್ಕ" ಎಂದಳು.

ಪುಟವನ್ನು ಚೀಲದಲ್ಲೇ ಬಿಟ್ಟು, ನಾನು ಅವರ ನಡುವೆ ನೆಲದ ಮೇಲೆ ಕೂತೆ.